ಕೆಡವದೆ ಉಳಿಸಿದ ಚಾಪೆಲ್: ಕಾಗದ, ಸುಣ್ಣ ಮತ್ತು ಕಾಯುವ ಕೆಲಸ

ಉಡುಪಿ ಜಿಲ್ಲೆಯ ಒಳನಾಡಿನಲ್ಲಿರುವ ನಮ್ಮ ಊರಿನ ಹಳೆಯ ಚಾಪೆಲಿನ ಮಾಡಿಗೆ (ಛಾವಣಿಗೆ) ಈ ಬಾರಿಯ ಮಳೆಗಾಲಕ್ಕೆ ಸ್ವಲ್ಪವೇ ಮುಂಚೆ ಕೊನೆಯ ಸಾಲು ಹಂಚು ಹೊದೆಸಿ ಮುಗಿಯಿತು. ಅದು ಸ್ವತಂತ್ರ ಇಗರ್ಜಿ (ಚರ್ಚ್) ಅಲ್ಲ. ಕೆಲವು ಮೈಲಿ ದೂರದ ಇಗರ್ಜಿಯ ವ್ಯಾಪ್ತಿಗೆ ಸೇರಿದ, ತಿಂಗಳಿಗೊಮ್ಮೆ ಬಲಿಪೂಜೆ, ಅಕ್ಟೋಬರ್ ತಿಂಗಳಿಡೀ ಜಪಮಾಲೆ, ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಹುಟ್ಟುಹಬ್ಬಕ್ಕೆ) ಮುಂಚಿನ ಒಂಬತ್ತು ದಿನ ನೊವೆನಾ ನಡೆಯುವ, ಮುರಕಲ್ಲಿನ ಗೋಡೆ ಮತ್ತು ಮಂಗಳೂರು ಹಂಚಿನ ಒಂದೇ ಕೋಣೆಯ ಪ್ರಾರ್ಥನಾ ಮಂದಿರ. ಅದರ ದುರಸ್ತಿ ಸಮಿತಿಯ ಕಾರ್ಯದರ್ಶಿಯಾಗಿ ನಾನು ಕಾಗದಪತ್ರಗಳ ಕೆಲಸವನ್ನೆಲ್ಲ ನೋಡಿಕೊಂಡೆ. ಕೆಲಸ ಮುಗಿದ ಸುದ್ದಿ ಹರಡಿದ ಮೇಲೆ ಅಕ್ಕಪಕ್ಕದ ಊರುಗಳಿಂದ, ಶಿರಸಿಯ ಕಡೆಯಿಂದ, ದುಬೈಯಲ್ಲಿರುವ ಪರಿಚಿತರಿಂದಲೂ ಒಂದೇ ಬಗೆಯ ಪ್ರಶ್ನೆಗಳು ಬರತೊಡಗಿದವು: ಯಾರನ್ನು ಮೊದಲು ಕೇಳಬೇಕು, ಸರ್ಕಾರ ಸಹಾಯ ಮಾಡುತ್ತದೆಯೇ, ಎಷ್ಟು ಖರ್ಚಾಯಿತು, ಇಷ್ಟು ತಡ ಏಕಾಯಿತು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಿಡುವುದು ಒಳ್ಳೆಯದೆಂದು ತೋರಿತು.

ಆರಂಭದಲ್ಲಿ ಯಾರಿಗೂ ಉಳಿಸುವ ಯೋಚನೆ ಇರಲಿಲ್ಲ. ಮಾಡಿನ ನಡುಭಾಗ ಕುಸಿದು, ಬಲಿಪೀಠದ ಹಿಂಬದಿಯ ಗೋಡೆಯಲ್ಲಿ ನೀರು ಇಳಿದು, ಸಾರಣೆ ಹಾಳೆಹಾಳೆಯಾಗಿ ಉದುರುತ್ತಿತ್ತು. ನಮ್ಮ ಕಡೆ ದೇವಸ್ಥಾನವಿರಲಿ, ಇಗರ್ಜಿಯಿರಲಿ, ಜೀರ್ಣೋದ್ಧಾರ ಎಂದರೆ ಹಳೆಯದನ್ನು ನೆಲಸಮ ಮಾಡಿ ಹೊಸದನ್ನು ಕಟ್ಟುವುದೆಂದೇ ಜನ ತಿಳಿದಿರುವುದರಿಂದ, ಕಾಂಕ್ರೀಟಿನ ಛಾವಣಿ, ಗ್ರಾನೈಟ್ ನೆಲ, ಎರಡು ಗೋಪುರಗಳಿರುವ ಹೊಸ ಕಟ್ಟಡದ ಚಿತ್ರವೂ ತಯಾರಾಗಿ ಬಂದಿತ್ತು. ಊರಿನ ಒಬ್ಬ ಸಿವಿಲ್ ಎಂಜಿನಿಯರ್ ಕಟ್ಟಡ ಶಿಥಿಲವಾಗಿದೆ ಎಂದು ಅರ್ಧ ಪುಟದ ಪತ್ರವನ್ನೂ ಕೊಟ್ಟಿದ್ದರು. ಸಭೆಯಲ್ಲಿ ವಿರೋಧಿಸಿದವರು ಮೂವರೋ ನಾಲ್ವರೋ ಹಿರಿಯರು ಮಾತ್ರ. ಅವರಲ್ಲಿಯೂ ಕಟ್ಟಡದ ಕಲೆಯ ಬಗ್ಗೆ ಯಾರೂ ಮಾತನಾಡಲಿಲ್ಲ. ನಮ್ಮ ವಾಳೆಯ ಮುಖಂಡರಾದ ಗುರ್ಕಾರರು ಎದ್ದು ನಿಂತು, "ಫಾದರ್, ಗೋಡೆಯಲ್ಲಿ ಒಂದು ಬಿರುಕೂ ಇಲ್ಲ, ಬಿದ್ದದ್ದು ಮಾಡು, ಗೋಡೆಯನ್ನು ಯಾಕೆ ಬೀಳಿಸಬೇಕು?" ಎಂದು ಕೇಳಿದರು. ಧರ್ಮಗುರುಗಳು ಅಂದು ತೀರ್ಮಾನ ಪ್ರಕಟಿಸದೆ, ಹಳೆಯ ಕಟ್ಟಡಗಳ ಸಂರಕ್ಷಣೆಯನ್ನೇ ಕಲಿತ ವಾಸ್ತುಶಿಲ್ಪಿಯೊಬ್ಬರಿಗೆ ತೋರಿಸಿದ ಮೇಲೆ ಮುಂದಿನ ಮಾತು ಎಂದು ಸಭೆಯನ್ನು ಮುಗಿಸಿದರು. ಎರಡನೆಯ ಅಭಿಪ್ರಾಯಕ್ಕೆ ತೆತ್ತ ಶುಲ್ಕ ದುಬಾರಿಯೆಂದು ಆಗ ಗೊಣಗಿದವರಿದ್ದರು. ಇಡೀ ಲೆಕ್ಕದಲ್ಲಿ ಅದರಷ್ಟು ಲಾಭದಾಯಕವಾದ ಖರ್ಚು ಇನ್ನೊಂದಿಲ್ಲ.

ಆ ವಾಸ್ತುಶಿಲ್ಪಿ ಗೋಡೆ ತಟ್ಟಿ, ಸಾರಣೆಯನ್ನು ಅಲ್ಲಲ್ಲಿ ಕೆರೆದು, ಮಾಡಿನೊಳಗೆ ಹತ್ತಿ ನೋಡಿ ಬರೆದುಕೊಟ್ಟ ವರದಿಯ ಸಾರ ಸರಳವಾಗಿತ್ತು. ಮುರಕಲ್ಲಿನ ಗೋಡೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಲಾಗಿದೆ, ಅದು ಗಟ್ಟಿಯಾಗಿದೆ. ಕೆಲವು ದಶಕಗಳ ಹಿಂದೆ ಅದರ ಮೇಲೆ ಬಳಿದ ಸಿಮೆಂಟ್ ಸಾರಣೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತಿಲ್ಲ, ಉದುರುತ್ತಿರುವುದು ಆ ಸಿಮೆಂಟೇ. ಮುರಕಲ್ಲು ರಂಧ್ರಗಳಿರುವ ಕಲ್ಲು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಅದಕ್ಕೆ ಅವಕಾಶ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ಮಾಡಿನಲ್ಲಿ ಮಾತ್ರ ಹಂಚನ್ನು ಹೊರುವ ಮರದ ತೊಲೆಪಟ್ಟಿಗಳಾದ ಪಕ್ಕಾಸು ಮತ್ತು ರೀಪುಗಳ ದೊಡ್ಡ ಭಾಗವನ್ನು ಗೆದ್ದಲು ತಿಂದಿತ್ತು. ಈ ವರದಿಯನ್ನು ಇಗರ್ಜಿಯ ಪಾಲನಾ ಸಮಿತಿಯಲ್ಲಿ ಗಟ್ಟಿಯಾಗಿ ಓದಿಸಿದ ನಂತರ ಕೆಡವುವ ಮಾತು ನಿಧಾನವಾಗಿ ಹಿಂದೆ ಸರಿಯಿತು. ಹೊಸ ಕಟ್ಟಡಕ್ಕೆಂದು ಹಣದ ಭರವಸೆ ಕೊಟ್ಟಿದ್ದ ಕೆಲವರು ಭರವಸೆಯನ್ನೂ ಹಿಂದೆ ಪಡೆದರು. ದುರಸ್ತಿಗೆ ಕೊಟ್ಟರೆ ಹೆಸರಿನ ಕಲ್ಲು ಎಲ್ಲಿ ಹಾಕುತ್ತೀರಿ ಎಂದು ಒಬ್ಬರು ನೇರವಾಗಿಯೇ ಕೇಳಿದರು.

ಮುಂದಿನ ಹಂತ ಚಾಪೆಲಿನ ವಯಸ್ಸನ್ನು ಕಾಗದದ ಮೇಲೆ ಸಾಬೀತುಪಡಿಸುವುದು. ಟಿಪ್ಪುವಿನ ಕಾಲಕ್ಕೂ ಮುಂಚಿನದೆಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆಯನ್ನು 1678ಕ್ಕೆ ಹೇಳುವ ಪ್ರದೇಶ ಇದಾದ್ದರಿಂದ ಆ ನಂಬಿಕೆ ಅಸಂಭವವೇನಲ್ಲ. ಆದರೆ 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಲ್ಲಿನ 27 ಇಗರ್ಜಿಗಳು ನಾಶವಾದವೆಂದು ಇತಿಹಾಸದ ಬರಹಗಳು ಹೇಳುತ್ತವೆ. ಮೂಡುಬಿದಿರೆಯ ಚೌಟ ಅರಸರ ಕೋರಿಕೆಯಿಂದ ಹೊಸಬೆಟ್ಟಿನ ಇಗರ್ಜಿ ಉಳಿಯಿತೆಂಬುದು ಅಪವಾದವಾಗಿಯೇ ನೆನಪಿನಲ್ಲಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದು ಹಿಂದಿರುಗಿದವರು ಮೊದಲು ಮನೆ ಗದ್ದೆಗಳನ್ನು, ಆಮೇಲೆ ಪೂಜಾಸ್ಥಳಗಳನ್ನು ಕಟ್ಟಿಕೊಂಡರು. ಆದ್ದರಿಂದ ಜಾಗ ಹಳೆಯದಿದ್ದರೂ ಕಟ್ಟಡ ಅಷ್ಟೇ ಹಳೆಯದೆಂದು ಹೇಳಲು ಬೇರೆಯೇ ಪುರಾವೆ ಬೇಕಾಗುತ್ತದೆ.

ಆ ಪುರಾವೆಗಾಗಿ ಅಲೆದದ್ದು ಈ ಕೆಲಸದ ಅತ್ಯಂತ ದಣಿವಿನ, ನನಗೆ ಮಾತ್ರ ಅತ್ಯಂತ ಇಷ್ಟವಾದ ಭಾಗ. ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಪತ್ರವ್ಯವಹಾರ ಯಾವ ಕಡೆ ಉಳಿದಿದೆ ಎಂಬುದನ್ನು ಎರಡೂ ಕಡೆ ವಿಚಾರಿಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಭಾಗದ ಕೆಲವು ಇಗರ್ಜಿಗಳು ಗೋವಾದ ಆರ್ಚ್‌ಬಿಷಪರ ಅಧೀನದಲ್ಲಿದ್ದುದರಿಂದ ಹಳೆಯ ದಾಖಲೆ ಪೋರ್ಚುಗೀಸಿನಲ್ಲಿಯೂ ಇರಬಹುದೆಂದು ತಿಳಿದವರು ಮೊದಲೇ ಎಚ್ಚರಿಸಿದ್ದರು. ದೀಕ್ಷಾಸ್ನಾನದ ದಾಖಲೆ ಪುಸ್ತಕಗಳನ್ನು ನೋಡಲು ಧರ್ಮಗುರುಗಳ ಪತ್ರ, ನೋಡುವ ಉದ್ದೇಶ, ಯಾವ ವರ್ಷಗಳು ಎಂಬ ವಿವರ ಇವೆಲ್ಲವನ್ನೂ ಮೊದಲೇ ಬರೆದು ಕೊಡಬೇಕು. ಅವು ಖಾಸಗಿ ವ್ಯಕ್ತಿಗಳ ಮಾಹಿತಿಯಿರುವ ಪುಸ್ತಕಗಳಾದ್ದರಿಂದ ಆ ಕಟ್ಟುನಿಟ್ಟು ನ್ಯಾಯವೇ. ಪುಟಗಳು ಲ್ಯಾಟಿನ್‌ನಲ್ಲಿದ್ದವು. ನಿವೃತ್ತ ಗುರುಗಳೊಬ್ಬರು ಮಸೂರ ಹಿಡಿದು ಕುಳಿತು ಓದಿ, ಊರಿನ ಹೆಸರಿನ ಜೊತೆ ಚಾಪೆಲಿನ ಉಲ್ಲೇಖ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕಾಣತೊಡಗುತ್ತದೆ ಎಂದು ಗುರುತಿಸಿಕೊಟ್ಟರು. ನೀವು ಇದೇ ದಾರಿ ಹಿಡಿಯುವುದಾದರೆ ಪುಟಗಳ ಚಿತ್ರ ತೆಗೆಯಲು ಪ್ರತ್ಯೇಕ ಅನುಮತಿಯನ್ನು ಮೊದಲ ಪತ್ರದಲ್ಲಿಯೇ ಕೇಳಿರಿ, ಇಲ್ಲವಾದರೆ ಅದಕ್ಕಾಗಿ ಮತ್ತೊಮ್ಮೆ ಕಾಯಬೇಕಾಗುತ್ತದೆ.

ಕಟ್ಟಡವೂ ತನ್ನ ಸಾಕ್ಷ್ಯ ಹೇಳಿತು. ಇಳಿಸಿದ ಹಂಚುಗಳ ಬೆನ್ನಿನಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆಯೂ, ಆಲ್ಬುಕರ್ಕ್ ಕಾರ್ಖಾನೆಯ ಮುದ್ರೆಯೂ ಸಿಕ್ಕವು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ, ಆಲ್ಬುಕರ್ಕ್ ಕುಟುಂಬದವರು 1868ರಲ್ಲಿ. ಹಂಚಿನ ಮಾಡು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದಕ್ಕೂ ಮುಂಚೆ ಮುಳಿಹುಲ್ಲಿನ ಅಥವಾ ಸೋಗೆಯ ಮಾಡು ಇದ್ದಿರಬಹುದೆಂಬ ವಾದವನ್ನು ಊರಿನ ಹಿರಿಯರು ಈಗಲೂ ಬಿಟ್ಟುಕೊಟ್ಟಿಲ್ಲ. ಹಂಚು ಇಳಿಸುವಾಗ ಕೆಲಸದವರು ಅವಸರದಲ್ಲಿ ಒಡೆದು ರಾಶಿ ಹಾಕುತ್ತಾರೆ, ಮುದ್ರೆಯಿರುವ ಪ್ರತಿಯೊಂದು ಬಗೆಯ ಹಂಚನ್ನೂ ಒಂದೆರಡರಂತೆ ತೆಗೆದಿಡುವಂತೆ ಮೊದಲ ದಿನವೇ ಮೇಸ್ತ್ರಿಗೆ ಹೇಳಿರಿ.

ಇಷ್ಟರಲ್ಲಿ ಯಾರೂ ಊಹಿಸಿರದ ತೊಡಕು ಎದುರಾಯಿತು. ಚಾಪೆಲ್ ನಿಂತಿರುವ ಜಾಗ ಪಹಣಿಯಲ್ಲಿ ಇಗರ್ಜಿಯ ಹೆಸರಿನಲ್ಲಿ ಇರಲಿಲ್ಲ. ಕಟ್ಟಡದ ಬಹುಪಾಲು ಪಕ್ಕದ ಗುತ್ತಿನ ಮನೆಯವರ (ಹಳೆಯ ಜಮೀನ್ದಾರ ಮನೆತನದವರ) ವರ್ಗ ಜಮೀನಿನಲ್ಲಿಯೂ, ಅಂಗಳ ಮತ್ತು ಶಿಲುಬೆಯ ಕಟ್ಟೆ ಕುಮ್ಕಿಯಲ್ಲಿಯೂ ಬರುತ್ತಿತ್ತು. ಕರಾವಳಿಯ ಹೊರಗಿನವರಿಗೆ ಹೇಳುವುದಾದರೆ, ವರ್ಗ ಎಂದರೆ ಖಾಸಗಿ ಒಡೆತನದ ಸಾಗುವಳಿ ಜಮೀನು, ಕುಮ್ಕಿ ಎಂದರೆ ಅದಕ್ಕೆ ತಾಗಿಕೊಂಡು, ಸೊಪ್ಪು ಸೌದೆಗಳಿಗಾಗಿ ಆ ವರ್ಗದಾರರಿಗೆ ಬಳಕೆಯ ಸವಲತ್ತು ಇರುವ ಸರ್ಕಾರಿ ಭೂಮಿ, ಅದರ ಒಡೆತನ ಸರ್ಕಾರದ್ದೇ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ಆಡಳಿತದಲ್ಲಿದ್ದುದರಿಂದ ಹಳೆಯ ಜಮೀನು ದಾಖಲೆಗಳ ಕ್ರಮವೇ ಬೇರೆ, ಕೆಲವನ್ನು ಹುಡುಕಲು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲಾಗಾರದವರೆಗೂ ಹೋಗುವವರಿದ್ದಾರೆ. ನಾವು ಅಷ್ಟು ದೂರ ಹೋಗುವ ಮುನ್ನ ಗುತ್ತಿನ ಮನೆಗೆ ಹೋದೆವು.

ಭೂಸುಧಾರಣೆಯ ಕಾಲದ ಹಳೆಯ ನೋವುಗಳು ಎಲ್ಲಿ ಎದ್ದುಬರುತ್ತವೋ ಎಂಬ ಅಂಜಿಕೆ ನಮ್ಮೆಲ್ಲರಲ್ಲಿತ್ತು. ಆ ಮನೆಯ ಯಜಮಾನರಾದ, ಎಂಬತ್ತು ದಾಟಿದ ಶೆಟ್ಟರು ಎಲ್ಲವನ್ನೂ ಕೇಳಿಸಿಕೊಂಡು, ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹೆಸರಿನಿಂದಲೇ, "ಪೊರ್ಬುಗಳೇ, ನಮ್ಮ ಅಜ್ಜನ ಕಾಲದಲ್ಲಿ ಮೂಲಗೇಣಿಗೆ (ಶಾಶ್ವತ ಗೇಣಿಗೆ) ಬರೆದುಕೊಟ್ಟ ಜಾಗ ಅದು. ಕಾಗದ ಪೆಟ್ಟಿಗೆಯಲ್ಲಿ ಇರಬೇಕು, ಮಗ ಬೆಂಗಳೂರಿನಿಂದ ಬಂದಾಗ ಹುಡುಕಿಸುತ್ತೇನೆ" ಎಂದರು. ಮಗ ಬಂದದ್ದು ದೀಪಾವಳಿಗೆ. ಪೆಟ್ಟಿಗೆಯಲ್ಲಿ ಮೂಲಗೇಣಿ ಚೀಟಿಯ ಪ್ರತಿ ಸಿಕ್ಕಿತು, ವರ್ಷಕ್ಕೊಮ್ಮೆ ಗೇಣಿ ಸಂದಾಯವಾದ ಕೆಲವು ರಶೀದಿಗಳೂ ಸಿಕ್ಕವು. ಅದರ ಆಧಾರದಲ್ಲಿ ಸರ್ವೆ ಅಳತೆಗೆ ಅರ್ಜಿ, ನಕ್ಷೆ, ಋಣಭಾರ ಪತ್ರ, ಶೆಟ್ಟರ ಕುಟುಂಬದ ಎಲ್ಲ ಹಕ್ಕುದಾರರ ಸಹಿ ಇವುಗಳ ಸುತ್ತ ತಿಂಗಳುಗಳು ಕಳೆದವು. ಹಕ್ಕುದಾರರಲ್ಲಿ ಇಬ್ಬರು ಮುಂಬೈಯಲ್ಲಿದ್ದರು, ಒಬ್ಬರ ವಿಳಾಸವೇ ಯಾರಿಗೂ ಗೊತ್ತಿರಲಿಲ್ಲ. ಒಂದು ಕಚೇರಿಯಲ್ಲಿ ನಮ್ಮ ಕಡತ ಕಾಣೆಯಾಗಿ, ಸ್ವೀಕೃತಿ ಪತ್ರವನ್ನು ತೋರಿಸಿದ ಮೇಲೆಯೇ ಅದು ಬೇರೊಂದು ಕಪಾಟಿನಲ್ಲಿ ಸಿಕ್ಕಿತು. ಯಾವ ಕಾಗದ ಕೊಟ್ಟರೂ ದಿನಾಂಕ ಮತ್ತು ಮೊಹರಿನ ಸ್ವೀಕೃತಿ ಇಲ್ಲದೆ ಕಚೇರಿಯ ಮೆಟ್ಟಿಲು ಇಳಿಯಬೇಡಿರಿ. ಕೊನೆಗೆ ವರ್ಗದ ಭಾಗ ಇಗರ್ಜಿಯ ಹೆಸರಿಗೆ ನೋಂದಣಿಯಾಯಿತು, ಕುಮ್ಕಿಯ ಭಾಗದ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ.

ಈ ನಡುವೆ ಸಮಿತಿಯೊಳಗೆ ಒಂದು ದೊಡ್ಡ ಚರ್ಚೆ ನಡೆಯಿತು: ಚಾಪೆಲನ್ನು ಸರ್ಕಾರದಿಂದ ಸಂರಕ್ಷಿತ ಸ್ಮಾರಕವೆಂದು ಘೋಷಣೆ ಮಾಡಿಸಬೇಕೇ, ಬೇಡವೇ. ಕರ್ನಾಟಕದ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ 1961ರ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ, ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ವವಿರುವ ಕಟ್ಟಡವನ್ನು ರಾಜ್ಯ ಸರ್ಕಾರ ಸಂರಕ್ಷಿತವೆಂದು ಘೋಷಿಸಬಹುದು. ಅದಕ್ಕೆ ಮುಂಚೆ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳ ಕಾಲಾವಕಾಶ ಕೊಡಬೇಕು. ಸುದ್ದಿ ಹೊರಬಿದ್ದ ಕೂಡಲೇ ಸುತ್ತಲಿನ ಮನೆಗಳವರು, ಇನ್ನು 100 ಮೀಟರಿನೊಳಗೆ ಒಂದು ಕೊಟ್ಟಿಗೆಯನ್ನೂ ಕಟ್ಟುವಂತಿಲ್ಲವಂತೆ ಎಂದು ಗಾಬರಿಯಿಂದ ಬಂದರು. ಆ 100 ಮೀಟರಿನ ನಿಷೇಧ ಮತ್ತು ಅದರಾಚೆಯ 200 ಮೀಟರಿನ ನಿಯಂತ್ರಣ ಬರುವುದು ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ ಅನ್ವಯಿಸುವ ಕೇಂದ್ರ ಕಾಯ್ದೆಯ 2010ರ ತಿದ್ದುಪಡಿಯಿಂದ ಎಂದು ವಿವರಿಸಿದರೂ ಎಲ್ಲರಿಗೂ ಸಮಾಧಾನವಾಗಲಿಲ್ಲ.

ನಾವು ಘೋಷಣೆಗೆ ಅರ್ಜಿ ಹಾಕಲಿಲ್ಲ. ಸಂರಕ್ಷಿತ ಸ್ಮಾರಕವಾದ ಮೇಲೆ ದುರಸ್ತಿಗೂ ಮಾರ್ಪಾಡಿಗೂ ಇಲಾಖೆಯ ಒಪ್ಪಿಗೆ ಬೇಕು. ಜನ ಈಗಲೂ ಪ್ರಾರ್ಥಿಸುವ, ಪ್ರತಿ ಮಳೆಗಾಲದ ನಂತರ ಹತ್ತಾರು ಹಂಚು ಬದಲಿಸಬೇಕಾದ ಸಣ್ಣ ಕಟ್ಟಡಕ್ಕೆ ಆ ಕ್ರಮ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ದೇಶದಲ್ಲಿ ಇಂಥ ಘೋಷಣೆಯಿಲ್ಲದ ಹಳೆಯ ಕಟ್ಟಡಗಳೇ ಬಹುಪಾಲು. ಅವುಗಳಿಗಾಗಿಯೇ ಪರಂಪರೆಯ ಸಂರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಒಂದು ಸನ್ನದನ್ನು ರೂಪಿಸಿದೆ. ಬಳಕೆಯಲ್ಲಿರುವ ಕಟ್ಟಡವನ್ನು ಬಳಕೆಯಲ್ಲಿಯೇ ಉಳಿಸುವುದು, ಸ್ಥಳೀಯ ಕುಶಲಕರ್ಮಿಗಳಿಂದ ಸಾಂಪ್ರದಾಯಿಕ ಸಾಮಗ್ರಿಯಲ್ಲಿ ಕೆಲಸ ಮಾಡಿಸುವುದು ಅದರ ಮುಖ್ಯ ಆಶಯಗಳು. ನಮ್ಮ ವಾಸ್ತುಶಿಲ್ಪಿ ಕೆಲಸದ ಯೋಜನೆಯನ್ನು ಅದರ ದಾರಿಯಲ್ಲಿ ಬರೆದರು. ಆದರೆ ಕೆಡವುವ ಒತ್ತಡ ಊರಿನ ಒಳಗಿನಿಂದಲ್ಲದೆ ಹೊರಗಿನಿಂದ, ಉದಾಹರಣೆಗೆ ರಸ್ತೆ ಅಗಲೀಕರಣದಿಂದ ಬರುತ್ತಿದ್ದರೆ, ಆಗ ಘೋಷಣೆಯ ದಾರಿಯನ್ನೇ ಹಿಡಿಯಬೇಕೆಂದು ನಾನು ವಾದಿಸುತ್ತಿದ್ದೆ.

ಸರ್ಕಾರದ ಘೋಷಣೆ ಬೇಡವೆಂದ ಮಾತ್ರಕ್ಕೆ ನಿಯಮಗಳಿಂದ ಬಿಡುಗಡೆ ಇಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1189ನೆಯ ವಿಧಿಯ ಪ್ರಕಾರ, ಪ್ರಾಚೀನತೆ, ಕಲೆ ಅಥವಾ ಭಕ್ತಿಯ ಕಾರಣದಿಂದ ಅಮೂಲ್ಯವಾದ ಪ್ರತಿಮೆಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿ ಇಲ್ಲದೆ ದುರಸ್ತಿ ಮಾಡುವಂತಿಲ್ಲ, ಅನುಮತಿ ಕೊಡುವ ಮುನ್ನ ಅವರು ತಜ್ಞರನ್ನು ಕೇಳಬೇಕು. ಬಲಿಪೀಠದ ಮೇಲಿರುವ ಮರಿಯಮ್ಮನವರ ಮರದ ಪ್ರತಿಮೆಗೆ ಭಕ್ತರೊಬ್ಬರು ಪ್ರೀತಿಯಿಂದಲೇ ಹೊಳಪಿನ ಎನಾಮಲ್ ಬಣ್ಣ ಹೊಡೆಸುವುದಾಗಿ ಮುಂದೆ ಬಂದಿದ್ದರು, ಬಣ್ಣದ ಡಬ್ಬಿಯೂ ಬಂದಿತ್ತು. ಈ ವಿಧಿಯನ್ನು ತೋರಿಸಿದ ಕಾರಣ ಅವರ ಮನಸ್ಸು ನೋಯದೆ ಅದು ನಿಂತಿತು. 1283ನೆಯ ವಿಧಿ ಆಸ್ತಿ ಮತ್ತು ಅಮೂಲ್ಯ ವಸ್ತುಗಳ ವಿವರವಾದ ಪಟ್ಟಿ ಇರಬೇಕೆಂದು ಹೇಳುತ್ತದೆ. ಪ್ರತಿಮೆ, ಕಂಚಿನ ಘಂಟೆ, ದೀಪಸ್ತಂಭಗಳು, ಹಳೆಯ ಪೂಜಾವಸ್ತ್ರ, ಮರದ ಬಲಿಪೀಠ ಎಲ್ಲದರ ಅಳತೆ, ಚಿತ್ರ, ಸ್ಥಿತಿಯನ್ನು ಬರೆದು ಪಟ್ಟಿ ಮಾಡಿದೆವು. ಪಟ್ಟಿ ಮಾಡುವಾಗಲೇ, ಹಿರಿಯರ ನೆನಪಿನಲ್ಲಿದ್ದ ಒಂದು ಸಣ್ಣ ಬೆಳ್ಳಿಯ ಶಿಲುಬೆ ಈಗ ಇಲ್ಲವೆಂಬುದೂ ತಿಳಿಯಿತು. ಅದು ಎಂದು ಹೋಯಿತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಇದಲ್ಲದೆ 100 ವರ್ಷ ದಾಟಿದ ಮರದ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೋಂದಣಿಗೆ ಒಳಪಡುತ್ತದೆ. ಚಿತ್ರಸಹಿತ ಅರ್ಜಿ ಸಲ್ಲಿಸಿದ್ದೇವೆ. ಕಳುವಾದರೆ ಪೊಲೀಸರಿಗೆ ತೋರಿಸಲು ಬೇರೇನಿಲ್ಲದಿದ್ದರೂ ಆ ಚಿತ್ರಗಳಿರುತ್ತವೆ.

ಹಣದ ವಿಷಯಕ್ಕೆ ಬರುತ್ತೇನೆ. ಅಲ್ಪಸಂಖ್ಯಾತರ ಪೂಜಾಸ್ಥಳಗಳ ದುರಸ್ತಿಗೆ ಸರ್ಕಾರಿ ಅನುದಾನ ಸಿಗುತ್ತದೆಂದು ತಿಳಿದು ಪ್ರಯತ್ನಿಸಿದೆವು. ಆದರೆ ಅಂದಾಜು ಪಟ್ಟಿ ತಯಾರಿಸಿದವರು ಸುಣ್ಣದ ಸಾರಣೆಯ ಜಾಗದಲ್ಲಿ ಸಿಮೆಂಟ್, ಹಂಚಿನ ಜಾಗದಲ್ಲಿ ತಗಡಿನ ಹಾಳೆ ಬರೆದರು. ತಿದ್ದಿಸಲು ಹೋದರೆ ತಮಗೆ ಪರಿಚಿತವಾದ ದರಪಟ್ಟಿಯಲ್ಲಿ ಇರುವುದನ್ನು ಮಾತ್ರ ಬರೆಯಬಲ್ಲೆವೆಂದರು. ಬರೆದಂತೆ ಕೆಲಸ ಮಾಡದಿದ್ದರೆ ಬಿಲ್ಲು ಪಾಸಾಗುವುದಿಲ್ಲ, ಬರೆದಂತೆ ಮಾಡಿದರೆ ಚಾಪೆಲ್ ಮತ್ತೆ ಉಸಿರುಗಟ್ಟುತ್ತದೆ. ಆ ದಾರಿಯನ್ನು ಬಿಟ್ಟೆವು. ಉಳಿದದ್ದು ಊರಿನವರ ಮತ್ತು ಊರು ಬಿಟ್ಟು ಹೋದವರ ದೇಣಿಗೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಲ್ಲಿ ದೇಶಗಳಲ್ಲಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಕೆನಡಾ ಅಥವಾ ಇಂಗ್ಲೆಂಡಿನ ಪೌರತ್ವ ಪಡೆದವರು, ಅವರು ನಮ್ಮದೇ ಊರಿನ ಮಕ್ಕಳಾಗಿದ್ದರೂ, ಕೊಡುವುದು ವಿದೇಶಿ ವಂತಿಗೆಯೇ. ಅದಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಲಂಡನ್ನಿನಿಂದ ಬರಬೇಕಿದ್ದ ಒಂದು ದೊಡ್ಡ ಮೊತ್ತವನ್ನು ಈ ಕಾರಣಕ್ಕೆ ನಾವು ಸ್ವೀಕರಿಸಲಾಗಲಿಲ್ಲ. ಆ ಮನೆಯ ಹಿರಿಯರು ನಮಗೆ ಅಹಂಕಾರ ಬಂದಿದೆಯೆಂದು ಸ್ವಲ್ಪ ಕಾಲ ಮಾತು ಬಿಟ್ಟಿದ್ದರು.

ಒಟ್ಟು ಖರ್ಚು ಹೊಸ ಕಟ್ಟಡದ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾಯಿತು. ಅದರಲ್ಲಿ ಸಾಮಗ್ರಿಗಿಂತ ಕೂಲಿಯ ಪಾಲು ಹೆಚ್ಚು. ಸುಣ್ಣದ ಸಾರಣೆ ಸಿಮೆಂಟಿಗಿಂತ ಗಣನೀಯವಾಗಿ ದುಬಾರಿ, ಏಕೆಂದರೆ ಅದನ್ನು ಬಲ್ಲ ಕೈಗಳು ಕಡಿಮೆ. ಮೂವರು ಮೇಸ್ತ್ರಿಗಳು ನೋಡಿ, ಸ್ವಲ್ಪವಾದರೂ ಸಿಮೆಂಟ್ ಸೇರಿಸದೆ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲವೆಂದು ಹೊರಟುಹೋದರು. ಒಪ್ಪಿದವರು ತಂದೆಯಿಂದ ಕೆಲಸ ಕಲಿತ ಒಬ್ಬ ವೃದ್ಧರು, ಅವರ ಜೊತೆ ಕಲಿಯಲು ಬಂದ ಇಬ್ಬರು ಯುವಕರು. ಚಿಪ್ಪನ್ನು ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಗುಂಡಿಯಲ್ಲಿ ವಾರಗಟ್ಟಲೆ ನೆನೆಯಲು ಬಿಟ್ಟು, ಮರಳಿನೊಂದಿಗೆ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ಕೊಳೆತ ನೀರನ್ನು ಬೆರೆಸಿ ಅವರು ಗಾರೆ ಮಾಡಿದರು. ಮೊದಲು ಹಳೆಯ ಸಿಮೆಂಟನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕಾಯಿತು. ಯಂತ್ರ ಹಚ್ಚಿದರೆ ಮುರಕಲ್ಲಿನ ಮೈ ಕಿತ್ತುಬರುತ್ತದೆ. ಬಿಡಿಸಿದ ಗೋಡೆಯನ್ನು ಒಂದು ಇಡೀ ಬೇಸಿಗೆ ಹಾಗೆಯೇ ಒಣಗಲು ಬಿಡಬೇಕೆಂದು ವಾಸ್ತುಶಿಲ್ಪಿ ಪಟ್ಟುಹಿಡಿದರು. ಬೆತ್ತಲೆ ಗೋಡೆ ಕಂಡವರೆಲ್ಲ ಕೆಲಸ ನಿಂತಿತೇ, ಹಣ ಮುಗಿಯಿತೇ ಎಂದು ಕೇಳುತ್ತಿದ್ದ ಆ ತಿಂಗಳುಗಳಲ್ಲಿ ಸಮಿತಿಯ ಸಭೆಗೆ ಹೋಗಲೂ ನನಗೆ ಮನಸ್ಸಾಗುತ್ತಿರಲಿಲ್ಲ. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತುವಾದ್ದರಿಂದ ಮಳೆಗಾಲದಲ್ಲಿ ಕೆಲಸ ನಡೆಯದು, ಕಡುಬಿಸಿಲಿನಲ್ಲಿ ಒದ್ದೆ ಗೋಣಿ ಹೊದೆಸದೆ ಬಿಟ್ಟರೆ ಬಿರುಕು ಬಿಡುತ್ತದೆ. ಕರಾವಳಿಯಲ್ಲಿ ಇದಕ್ಕೆ ಸರಿಯಾದ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಅನುಮತಿಗಳೆಲ್ಲ ಅಕ್ಟೋಬರ್ ಒಳಗೆ ಕೈಸೇರದಿದ್ದರೆ ಒಂದು ವರ್ಷ ಮುಂದೂಡುವುದೇ ಲೇಸು.

ಮರಕ್ಕೆ ಹಲಸನ್ನು ಬಳಸಿದೆವು, ಗಟ್ಟಿಯಿದ್ದ ಹಳೆಯ ಪಕ್ಕಾಸುಗಳನ್ನು ಅಲ್ಲಿಯೇ ಉಳಿಸಿಕೊಂಡೆವು. ಒಡೆದ ಹಂಚುಗಳಿಗೆ ಬದಲಾಗಿ, ಸುತ್ತಮುತ್ತ ಕೆಡವುತ್ತಿದ್ದ ಹಳೆಯ ಮನೆಗಳಿಂದ ಅದೇ ಅಳತೆಯವನ್ನು ಕೊಂಡೆವು. ಹೊಸ ಹಂಚಿನ ಅಂಚಿನ ತೋಡು ಹಳೆಯದಕ್ಕೆ ಕೂಡುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಒಳಗೋಡೆಯ ಸುಣ್ಣದ ಪದರಗಳನ್ನು ಕೆರೆದಾಗ ಬಲಿಪೀಠದ ಸುತ್ತ ನೀಲಿ ಪಟ್ಟಿಯೊಂದು ಕಂಡಿತು, ಅದನ್ನು ಹಾಗೆಯೇ ಮುಂದುವರಿಸಿದೆವು. ಹೊರಗೆ ಬಿಳಿಯ ಸುಣ್ಣ ಮಾತ್ರ. ಕೆನೆಬಣ್ಣ ಮತ್ತು ಬಂಗಾರದ ಅಂಚು ಬೇಕೆಂಬ ಬೇಡಿಕೆ ಇನ್ನೂ ಜೀವಂತವಾಗಿದೆ.

ದಾಖಲೆಗಳ ಒಂದು ಪ್ರತಿ ಇಗರ್ಜಿಯಲ್ಲಿ, ಒಂದು ಧರ್ಮಾಧ್ಯಕ್ಷರ ಕಚೇರಿಯಲ್ಲಿ, ಮೂಲಗೇಣಿ ಚೀಟಿಯ ಸ್ಕ್ಯಾನ್ ಪ್ರತಿ ಶೆಟ್ಟರ ಮನೆಯಲ್ಲಿಯೂ ಇದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮಾಡು ಹತ್ತಿ ಹಂಚು ನೋಡಿ, ಗೋಡೆಗೆ ಸುಣ್ಣ ಬಳಿಯುವ ಖರ್ಚಿಗೆಂದು ಉಳಿದ ಹಣವನ್ನು ಪ್ರತ್ಯೇಕ ಠೇವಣಿಯಲ್ಲಿಟ್ಟು, ಅದನ್ನು ಬೇರೆ ಕೆಲಸಕ್ಕೆ ತೆಗೆಯಲು ಪಾಲನಾ ಸಮಿತಿಯ ನಿರ್ಣಯ ಬೇಕೆಂದು ಬರೆಸಿದ್ದೇವೆ. ಪ್ರತಿಮೆಯ ನೋಂದಣಿಯ ಉತ್ತರ ಬಂದಿಲ್ಲ. ಕುಮ್ಕಿಯ ಕಡತಕ್ಕಾಗಿ ಮುಂದಿನ ತಿಂಗಳು ಮತ್ತೆ ತಾಲೂಕು ಕೇಂದ್ರಕ್ಕೆ ಹೋಗಬೇಕಾಗಿದೆ.